ಲೆಕ್ಕದ ದಿನಕ್ಕೆ ಮೊದಲೇ ಎದ್ದು ಹೋದ ಕೆನಡಾ

ಕಲಬುರಗಿಯ ನೆಹರು ಗಂಜ್‌ನಲ್ಲಿ ಕೆನಡಾ ಅಂದ್ರೆ ಹಳದಿ ಬಟಾಣಿ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅದರ ಆಮದು ಸುಂಕ ತೆಗೆದ ಮೇಲೆ ತೊಗರಿ ರೈತರ ಬಾಯಲ್ಲಿ ಆ ದೇಶದ ಹೆಸರು ಆಗಾಗ ಬರತೊಡಗಿತು. ಅಗ್ಗದ ಬಟಾಣಿ ಬಂದರೆ ತೊಗರಿ ರೇಟ್ ಬೀಳುತ್ತದೆ ಅನ್ನೋದು ಅವರ ಸಂಕಟ. ನಾನು ಇಲ್ಲಿನ ಒಂದು ಅಡತ್ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಕೆನಡಾ ಮೇಲೆ ನನಗಿರುವ ಸಿಟ್ಟು ಬಟಾಣಿಯದ್ದಲ್ಲ, ಹೊಗೆಯದ್ದು.

1997ರಲ್ಲಿ ಜಪಾನಿನ ಕ್ಯೋಟೊದಲ್ಲಿ ಒಂದು ಒಪ್ಪಂದ ಆಯಿತು. ಕಲ್ಲಿದ್ದಲು, ಎಣ್ಣೆ ಸುಟ್ಟು ಮೊದಲು ಶ್ರೀಮಂತರಾದ ದೇಶಗಳೇ, ಭೂಮಿಯನ್ನು ಬಿಸಿ ಮಾಡುವ ಹೊಗೆಯನ್ನು ಮೊದಲು ಇಳಿಸಬೇಕು ಅಂತ. ಕೆನಡಾ ಒಪ್ಪಿಕೊಂಡಿದ್ದು 1990ರ ಮಟ್ಟಕ್ಕಿಂತ 6% ಕಡಿಮೆ. ಲೆಕ್ಕ ಹಿಡಿಯುವ ಅವಧಿ 2008ರಿಂದ 2012. 2002ರ ಡಿಸೆಂಬರ್‌ನಲ್ಲಿ ಪ್ರಧಾನಿ ಕ್ರೆಟಿಯೆನ್ ಅವರ ಸರ್ಕಾರ ಇದಕ್ಕೆ ಅಧಿಕೃತ ಮುದ್ರೆ ಒತ್ತಿತು.

ಆದರೆ ಹೊಗೆ ಇಳಿಯಲೇ ಇಲ್ಲ. ಆಲ್ಬರ್ಟಾ ಪ್ರಾಂತ್ಯದಲ್ಲಿ ಮರಳಿಗೆ ಅಂಟಿಕೊಂಡ, ಡಾಂಬರಿನಷ್ಟು ಗಟ್ಟಿ ಎಣ್ಣೆ ಇದೆ. ಆಳದಲ್ಲಿರುವುದನ್ನು ಮೇಲೆ ತರಲು ಗ್ಯಾಸ್ ಸುಟ್ಟು, ನೀರು ಕಾಯಿಸಿ, ಹಬೆ ನುಗ್ಗಿಸಬೇಕು. ಅಂದರೆ ಎಣ್ಣೆ ಕಾರಿಗೆ ಹೋಗುವ ಮುಂಚೆಯೇ ಒಂದು ಸಲ ಹೊಗೆ. ಆ ಗಣಿಗಳು ಬೆಳೆದವು. 2005ರ ಹೊತ್ತಿಗೆ ದೇಶದ ಒಟ್ಟು ಹೊಗೆ 1990ಕ್ಕಿಂತ 20%ಗೂ ಜಾಸ್ತಿ ಆಗಿತ್ತು.

2011ರ ಡಿಸೆಂಬರ್ 12. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮಾವೇಶ ಮುಗಿದ ಮರುದಿನ ಕೆನಡಾದ ಪರಿಸರ ಮಂತ್ರಿ ಪೀಟರ್ ಕೆಂಟ್ ಕ್ಯೋಟೊದಿಂದ ಹೊರಗೆ ಹೋಗ್ತೀವಿ ಅಂತ ಘೋಷಿಸಿದರು. ಉಳಿದರೆ 14 ಶತಕೋಟಿ ಡಾಲರ್ ಖರ್ಚು, ಅಮೆರಿಕ, ಚೀನಾ ಎರಡಕ್ಕೂ ಕಟ್ಟುಪಾಡಿಲ್ಲ, ನಾವೊಬ್ಬರೇ ಯಾಕೆ ಅನ್ನೋದು ಅವರ ವಾದ. ಅಮೆರಿಕ, ಚೀನಾ ವಿಷಯ ನಿಜವೇ. ಆದರೆ ಅಮೆರಿಕ ಕ್ಯೋಟೊ ಬೇಡ ಅಂದಿದ್ದು 2001ರಲ್ಲಿ. ಅದು ಗೊತ್ತಿದ್ದೇ ಕೆನಡಾ ಮರುವರ್ಷ ಮುದ್ರೆ ಒತ್ತಿತ್ತಲ್ವಾ?

ಲೆಕ್ಕದವನಾಗಿ ನನಗೆ ಚುಚ್ಚುವುದು ತಾರೀಖು. ಗುರಿ ಮುಟ್ಟದ ದೇಶ ಆ ಕೊರತೆಗೆ 30% ಸೇರಿಸಿ ಮುಂದಿನ ಅವಧಿಯಲ್ಲಿ ತುಂಬಬೇಕು ಅಂತ ನಿಯಮ ಇತ್ತು. ಹೊರಹೋಗಲು ಒಂದು ವರ್ಷದ ನೋಟಿಸ್ ಸಾಕಿತ್ತು. ಕೆನಡಾ ಹೊರಬಿದ್ದಿದ್ದು 2012ರ ಡಿಸೆಂಬರ್ 15ಕ್ಕೆ. ಐದು ವರ್ಷದ ಅವಧಿ ಮುಗಿಯೋದು ಅದೇ ಡಿಸೆಂಬರ್ 31ಕ್ಕೆ. ದೀಪಾವಳಿಗೆ ಖಾತೆ ಚುಕ್ತಾ ಮಾಡಬೇಕಾದವನು ಹದಿನೈದು ದಿನ ಮುಂಚೆ ಬೋರ್ಡ್ ಇಳಿಸಿ, ನಾನೀಗ ವ್ಯಾಪಾರಿನೇ ಅಲ್ಲ ಅಂದರೆ ಗಂಜ್‌ನಲ್ಲಿ ಬಿಡ್ತಾರಾ?

2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದಾಗ ಜೇವರ್ಗಿ ಕಡೆ ನಮ್ಮ ಕಾಕಾನ ಹೊಲಕ್ಕೆ ನೀರು ಬಂತು. ಹೂ ಬಿಟ್ಟಿದ್ದ ತೊಗರಿ. ನೀರು ಇಳಿದ ಮೇಲೆ ಗಿಡ ನಿಂತಲ್ಲೇ ಜೋತು ಬಿತ್ತು. ಕಿತ್ತು ನೋಡಿದರೆ ಬೇರಿನ ಸಿಪ್ಪೆ ಕೈಗೇ ಕಳಚಿ ಬರುತ್ತಿತ್ತು. ಉಳಿದ ಸ್ವಲ್ಪ ಕಾಳನ್ನು ಖರೀದಿದಾರ ಅಂಗೈಯಲ್ಲಿ ಉಜ್ಜಿ, ಊದಿ, ಮತ್ತೆ ರಾಶಿಗೆ ಸುರಿದ. ರೇಟ್ ಕೂಡ ಹೇಳಲಿಲ್ಲ. ಆ ಒಂದು ನೆರೆಗೆ ಕೆನಡಾ ಕಾರಣ ಅಂತ ನಾನು ಹೇಳಲ್ಲ. ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರಿನ ಆವಿ ಹಿಡಿಯುತ್ತದೆ, ಸುರಿದಾಗ ಒಮ್ಮೆಗೇ ಸುರಿಯುತ್ತದೆ. ಇಷ್ಟನ್ನು ಕಾಕಾನಿಗೆ ಹೇಳಿದೆ.

“ಯಾರು ಎಷ್ಟು ಹೊಗೆ ಬಿಟ್ಟಾರಂತ ಬರ್ದಿಟ್ಟಾರೇನು ತಮ್ಮಾ?” ಅಂದ.

“ವರ್ಷಾ ವರ್ಷಾ ಬರೀತಾರ್ರಿ ಕಾಕಾ” ಅಂದೆ. ಬಹುತೇಕ ಶ್ರೀಮಂತ ದೇಶಗಳು ಪ್ರತಿವರ್ಷ ವಿಶ್ವಸಂಸ್ಥೆಗೆ ಆ ಲೆಕ್ಕ ಕೊಡುತ್ತವೆ, ಕೆನಡಾನೂ ಕೊಡುತ್ತದೆ.

ನಾವೂ ಹೊಗೆ ಬಿಡುವವರೇ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆ ನೋಡಿದವರಿಗೆ ಅದನ್ನು ಹೇಳಬೇಕಾಗಿಲ್ಲ. ಆದರೂ ತಲಾ ಲೆಕ್ಕದಲ್ಲಿ ಭಾರತೀಯನ ಪಾಲು ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್, ಕೆನಡಾದವರದು ಅದರ ಆರೇಳು ಪಟ್ಟು.

2015ರ ಪ್ಯಾರಿಸ್ ಒಪ್ಪಂದದಲ್ಲಿ ದಂಡವೇ ಇಲ್ಲ, ಗುರಿ ಅವರವರೇ ಬರೆದುಕೊಳ್ಳಬಹುದು. ಕೆನಡಾ 2030ಕ್ಕೆ 30% ಹೊಗೆ ಇಳಿಸ್ತೀವಿ ಅಂದಿತು, 2021ರಲ್ಲಿ 40ರಿಂದ 45%ಗೆ ಏರಿಸಿತು. ದೊಡ್ಡ ಸಂಖ್ಯೆ. ಆದರೆ ಅದು 1990ರಿಂದ ಅಲ್ಲ, ಹೊಗೆ ಉಬ್ಬಿಹೋಗಿದ್ದ 2005ರಿಂದ ಎಣಿಸಿದ್ದು. ಜನ ಸುಡುವ ಇಂಧನದ ಮೇಲೆ 2019ರಲ್ಲಿ ಹಾಕಿದ್ದ ಶುಲ್ಕವನ್ನೂ 2025ರ ಏಪ್ರಿಲ್ 1ಕ್ಕೆ ತೆಗೆದುಹಾಕಿದರು. ಮುಂದಿನ ಹವಾಮಾನ ಸಮಾವೇಶಕ್ಕೆ ಹೋಗುವ ನಮ್ಮ ಅಧಿಕಾರಿಗಳು ಒಂದು ಕೆಲಸ ಮಾಡಲಿ: ಕೆನಡಾ ಯಾವ ಗುರಿ ಓದಿದರೂ ಪಕ್ಕದಲ್ಲಿ 1990ರ ಅಂಕಿಯನ್ನೂ ಓದಿಸಲಿ.