ಎರಡು ಕೋಣೆಯ ಆಫೀಸು

ನಿನ್ನೆ ನಮ್ಮ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ) ಕ್ಲಾಸಿನವರು ಕೊಪ್ಪಳದ ಕಡೆ ಒಂದು ಪುಟ್ಟ ಸಂಸ್ಥೆಗೆ ಹೋಗಿದ್ದೆವು. ಎರಡೇ ಕೋಣೆ. ಮೇಜಿನ ಮೇಲೆ ಸ್ಟೀಲ್ ತಟ್ಟೆ, ಅದರಲ್ಲಿ ಬಸಿರಾಗದಂತೆ ತಡೆಯೋ ಕಾಪರ್-ಟಿ, ಛಾಯಾ ಮಾತ್ರೆ, ಅಂತರಾ ಇಂಜೆಕ್ಷನ್ನಿನ ಚಿಕ್ಕ ಬಾಟಲಿ. "ಮುಟ್ಟಿ ನೋಡ್ರಿ" ಅಂದರು ಸಂಸ್ಥೆಯ ಅಕ್ಕ.

ಅಂತರಾ ಮೂರು ತಿಂಗಳಿಗೊಮ್ಮೆ, ಸರ್ಕಾರಿ ಆಸ್ಪತ್ರೆಯಲ್ಲಿ ಫ್ರೀ. 2017ರಿಂದ ಇದೆ. ಆದರೂ ಎಷ್ಟೋ ಹೆಂಗಸರಿಗೆ ಆಪರೇಷನ್ ಒಂದೇ ಗೊತ್ತು, ಅಲ್ವಾ?

ಅಷ್ಟರಲ್ಲಿ ಒಬ್ಬಳು ಬಂದಳು. ನನಗಿಂತ ಚಿಕ್ಕವಳು, ಸೊಂಟದಲ್ಲಿ ಮಗು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, "ಮನ್ಯಾಗ ಗೊತ್ತಾಗ್ತದೇನ್ರಿ ಅಕ್ಕಾ?" ಅಂದಳು. ಅಕ್ಕ ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಮುಚ್ಚಿದರು.

ಔಷಧಿ ಊರಿಗೆ ಬಂದರೆ ಸಾಕು ಅಂದುಕೊಂಡಿದ್ದೆ. ಮುಚ್ಚೋಕೆ ಒಂದು ಬಾಗಿಲೂ ಬೇಕು. ಬೇವಿನ ಮರದ ಕೆಳಗೆ ಅರ್ಧ ಗಂಟೆ ಕಾದೆವು. ಒಳಗೆ ಅವಳ ಮಾತು ಕೇಳೋರು ಒಬ್ಬರಿದ್ದಾರಲ್ಲ ಅಂತ ತುಂಬಾ ಸಮಾಧಾನ ಆಯಿತು.