ಖಾಲುಬಾರ್ ಮಾದರಿ: ಬೂಷ್ಟು ಹಿಡಿದ ಬೆಟ್ಟ ಮತ್ತು ಟಾರ್ಚ್ ಪರೀಕ್ಷೆ

ಎರಡು ವಾರದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಕಾರಣ ಮಳೆ. ಜುಲೈ ತಿಂಗಳಲ್ಲಿ, ಅದೂ ಸಾಗರದಲ್ಲಿ, ಪೇಪರ್ ಮತ್ತು ಮೈದಾ ಗೋಂದಿನಿಂದ ಕಾರ್ಗಿಲ್ ಯುದ್ಧದ ಖಾಲುಬಾರ್ ಬೆಟ್ಟದ ಮಾದರಿ ಕಟ್ಟಲು ಹೊರಟಿದ್ದು ನನ್ನದೇ ತಪ್ಪು. ಥರ್ಮಕೋಲ್ ಮೇಲೆ ಐದು ಪದರ ಅಂಟಿಸಿದ್ದೆ. ಒಣಗಲೇ ಇಲ್ಲ. ಮೂರನೇ ದಿನ ಮೈಯೆಲ್ಲಾ ಹಸಿರು ಬೂಷ್ಟು. ಅಮ್ಮ ಬಂದು ನೋಡಿ, "ಕಾರ್ಗಿಲ್‌ನಲ್ಲೂ ಹಿಂಗೇ ಹಸಿರೇನೋ ಮಾರಾಯ?" ಅಂದಳು. ಅಲ್ಲಿರುವುದು ಬೋಳು ಕಲ್ಲುಗುಡ್ಡ!

ಎಲ್ಲಾ ಕೆರೆದು ಮತ್ತೆ ಶುರು ಮಾಡಿದೆ. ಪುಸ್ತಕ ಬೈಂಡ್ ಮಾಡುವವರು ಗೋಂದಿಗೆ ಚೂರು ಮೈಲುತುತ್ತ ಹಾಕುತ್ತಾರೆ, ಬೂಷ್ಟು ಬರಲ್ಲ. ಅಡಿಕೆಗೆ ಕೊಳೆ ಔಷಧಿ ಹೊಡೆಯಲು ತಂದದ್ದು ಮನೆಯಲ್ಲೇ ಇತ್ತು. ಬೆಟ್ಟವನ್ನು ಬಚ್ಚಲೊಲೆಯ ಹತ್ತಿರ ನಾಲ್ಕು ದಿನ ಇಟ್ಟೆ. ಒಣಗಿತು, ಜೊತೆಗೆ ಹೊಗೆ ಕುಡಿದು ಬೂದಿ-ಕಂದು ಬಣ್ಣಕ್ಕೆ ತಿರುಗಿತು. ಬಣ್ಣದ ಅರ್ಧ ಕೆಲಸ ಉಳಿಯಿತು. ಬಂಡೆಗಳಿಗೆ ಜಂಬಿಟ್ಟಿಗೆ ಚೂರು. ಕೆಂಪು ಕಾಣದ ಹಾಗೆ ಬೂದು ಬಣ್ಣ ಬಳಿದಿದ್ದೇನೆ.

ಹೊಸದಾಗಿ ಓದುವವರಿಗೆ: ಇದು 1999ರ ಜುಲೈ 2-3ರ ರಾತ್ರಿ. ಬಟಾಲಿಕ್ ವಲಯ, 1/11 ಗೂರ್ಖಾ ರೈಫಲ್ಸ್ (11ನೇ ಗೂರ್ಖಾ ರೈಫಲ್ಸ್‌ನ ಮೊದಲನೇ ಬೆಟಾಲಿಯನ್). ಲೆಫ್ಟಿನೆಂಟ್ ಮನೋಜ್ ಕುಮಾರ್ ಪಾಂಡೆ, ಉತ್ತರ ಪ್ರದೇಶದ ಸೀತಾಪುರ ಜಿಲ್ಲೆಯ ಹುಡುಗ. 24 ತುಂಬಿ ಎಂಟು ದಿನವಾಗಿತ್ತು, ಅಷ್ಟೇ.

ಮೊನ್ನೆ ಕರೆಂಟ್ ಹೋದಾಗ ಸುಮ್ನೆ ಒಂದು ಪರೀಕ್ಷೆ ಮಾಡಿದೆ. ಬೆಟ್ಟದ ಮೇಲೆ ಪಾಕಿಸ್ತಾನಿ ಸೈನಿಕರ ಬಂಕರ್ ಇದ್ದ ಜಾಗದಲ್ಲಿ ಸಣ್ಣ ಟಾರ್ಚ್ ಇಟ್ಟು ಕೆಳಮುಖವಾಗಿ ಹಚ್ಚಿದೆ. ಬೆಳಕು ಬೀಳುವಲ್ಲೆಲ್ಲಾ ಗುಂಡೂ ಬೀಳುತ್ತದೆ, ಅಲ್ವಾ? ಇಳಿಜಾರಿನಲ್ಲಿ ನೆರಳು ಸಿಕ್ಕಿದ್ದು ಎರಡೇ ಬಂಡೆಯ ಹಿಂದೆ. ಬೆಳಗಾಗುವುದರೊಳಗೆ ಆ ಬಂಕರ್‌ಗಳು ಹೋಗದಿದ್ದರೆ ಇಡೀ ಬೆಟಾಲಿಯನ್ ಹಗಲು ಬೆಳಕಲ್ಲಿ ಆ ಬಯಲಿನಲ್ಲಿ ಸಿಕ್ಕಿಬೀಳುತ್ತಿತ್ತು. ಆ ಬಂಕರ್‌ಗಳನ್ನು ತೆಗೆಯುವುದೇ ಪಾಂಡೆಯವರಿಗೆ ಕೊಟ್ಟ ಕೆಲಸ. ಇಷ್ಟು ದಿನ ಇದನ್ನು ಬರೀ ಆವೇಶದ ಕಥೆ ಅಂದುಕೊಂಡಿದ್ದೆ. ಅಲ್ಲ, ಲೆಕ್ಕ ಇತ್ತು. ಒಂದು ಸೆಕ್ಷನ್ನನ್ನು (ಚಿಕ್ಕ ತುಕಡಿ) ಬಲಗಡೆಗೆ ಕಳಿಸಿ, ಎಡಗಡೆಯ ಬಂಕರ್‌ಗಳಿಗೆ ತಾವೇ ಹೋದರು. ಮೊದಲನೆಯದರಲ್ಲಿ ಇಬ್ಬರನ್ನು, ಎರಡನೆಯದರಲ್ಲಿ ಇಬ್ಬರನ್ನು ಕೊಂದರು. ಮೂರನೆಯದರ ಹತ್ತಿರ ಭುಜಕ್ಕೂ ಕಾಲಿಗೂ ಗುಂಡು. ಆದರೂ ನಿಲ್ಲದೆ ನಾಲ್ಕನೆಯದಕ್ಕೆ ಗ್ರೆನೇಡ್ ಎಸೆದರು. ಅಲ್ಲೇ ಹಣೆಗೆ ಗುಂಡು ಬಿತ್ತು. ಖಾಲುಬಾರ್ ಕೈಗೆ ಬಂತು. ಪರಮವೀರ ಚಕ್ರ ಮರಣೋತ್ತರವಾಗಿ ಬಂತು.

ಗೊಂಬೆಗಳ ಕೆಲಸ ಗುಡಿಗಾರ ಗೆಳೆಯನದು. ಅಳತೆ 1:72, ಅಂದರೆ ಒಬ್ಬ ಸೈನಿಕ ಒಂದಿಂಚಿಗೂ ಕಮ್ಮಿ. ಶಿವನಿ ಮರದಲ್ಲಿ ಏಳು ಜನ ಆಗಿದ್ದಾರೆ. ಸೊಂಟದ ಖುಕ್ರಿ (ಗೂರ್ಖಾಗಳ ಬಾಗುಕತ್ತಿ) ಅಕ್ಕಿಕಾಳಿಗಿಂತ ಚಿಕ್ಕದು, ಆದರೂ ಬಾಗು ಕಾಣುತ್ತದೆ! ಲೆಫ್ಟಿನೆಂಟ್ ಗೊಂಬೆ ಮಾತ್ರ ಬಾಕಿ. "ನಿಂತಿರ್ಬೇಕಾ, ಓಡ್ತಿರ್ಬೇಕಾ ಹೇಳಿಬಿಡೋ, ಆಮೇಲೆ ತಿದ್ದಕ್ಕಾಗಲ್ಲ" ಅಂತ ಎರಡು ಸಲ ಫೋನ್ ಮಾಡಿದ.

ನಿನ್ನೆ ರಾತ್ರಿ ಹೇಳಿದೆ: ಮೂರನೇ ಬಂಕರ್ ದಾಟಿದ ಮೇಲಿನ ಗಳಿಗೆ. ಕಾಲು ಎಳೆಯುತ್ತಿರಬೇಕು, ಮುಖ ಮೇಲಕ್ಕೆ. ನೋಡುವವರಿಗೆ ಬೆನ್ನೇ ಕಾಣಲಿ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹಂಗಾದ್ರೆ ಬೂಟಿನ ಹಿಮ್ಮಡಿ ಸರಿಯಾಗಿ ಕೆತ್ತಬೇಕು" ಅಂದ. ಭಾನುವಾರ ಕೊಡುತ್ತಾನಂತೆ.