ಇಂಗ್ಲೆಂಡಿನ ಸಂತೆಪೇಟೆಯನ್ನು ಹಿತ್ತಿಲಿನಿಂದ ಓದುವುದು

ಇಂಗ್ಲೆಂಡಿನ ಸಣ್ಣ ಸಂತೆಪೇಟೆಯ ಚರಿತ್ರೆ ತಿಳಿಯಲು ಹೊರಟವರು ಮೊದಲು ಇಗರ್ಜಿ ನೋಡುತ್ತಾರೆ, ಕೋಟೆ ಇದ್ದರೆ ಆಮೇಲೆ ಕೋಟೆ. ಮುಖ್ಯ ಬೀದಿಯ ಮನೆಗಳ ಹಿತ್ತಿಲಿನಿಂದ ಶುರುಮಾಡಿ ಎನ್ನುತ್ತೇನೆ ನಾನು. ಬೀದಿಗೆ ಕಿರಿದಾದ ಮುಖ, ಹಿಂದಕ್ಕೆ ಉದ್ದುದ್ದ ಪಟ್ಟಿ, ಪಟ್ಟಿಗಳೆಲ್ಲ ಹೋಗಿ ಮುಟ್ಟುವ ಒಂದು ಓಣಿ. ಕಾಸರಗೋಡಿನ ನಮ್ಮ ಕಣ್ಣಿಗೆ ಇದು ಅಪರಿಚಿತ ಆಕಾರ. ನಮ್ಮಲ್ಲಿ ಒಂದೊಂದು ಮನೆ ಒಂದೊಂದು ತೋಟದೊಳಗೆ. ಪೇಟೆ ಎಂದರೆ ರಸ್ತೆ ಕೂಡುವಲ್ಲಿ ಅಂಗಡಿಗೆ ಅಂಗಡಿ ಸೇರಿ ತಾನಾಗಿ ಬೆಳೆದದ್ದು. ಅಲ್ಲಿನ ಎಷ್ಟೋ ಪೇಟೆಗಳನ್ನು 12, 13ನೇ ಶತಮಾನಗಳಲ್ಲಿ ಊರಿನ ಒಡೆಯರು ಅಳೆಸಿ, ಗಡಿ ಹಾಕಿಸಿ, ಒಕ್ಕಲು ಕರೆಸಿ ಕೂರಿಸಿದರು.

ಕಾರಣ ಆದಾಯ. ಸರಕಿನ ಸುಂಕ, ಅಂಗಡಿ ಹಾಕಿದ ನೆಲದ ಬಾಡಿಗೆ, ಸಂತೆ ನ್ಯಾಯಾಲಯದ ದಂಡ, ಎಲ್ಲವೂ ಒಡೆಯನಿಗೆ. ಅದಕ್ಕೆ ದೊರೆಯ ಸನದು ಬೇಕು. ವಾರದಲ್ಲಿ ಇಂಥ ದಿನ ಸಂತೆ, ವರ್ಷಕ್ಕೊಮ್ಮೆ ಜಾತ್ರೆ ಎಂದು ಅದರಲ್ಲಿ ಬರೆದಿರುತ್ತಿತ್ತು. ಜಾತ್ರೆ ಸಾಮಾನ್ಯವಾಗಿ ಸಂತರ ಹಬ್ಬದ ಮುನ್ನಾದಿನ, ಹಬ್ಬ, ಮರುದಿನ ಹೀಗೆ ಮೂರು ದಿನ. ಪಕ್ಕದ ಸಂತೆಗೆ ಹೊಡೆತ ಬೀಳಬಾರದೆಂಬ ಷರತ್ತೂ ಇತ್ತು. 13ನೇ ಶತಮಾನದ ನ್ಯಾಯಶಾಸ್ತ್ರಜ್ಞ ಬ್ರಾಕ್ಟನ್ ಹೆಸರಿನಲ್ಲಿರುವ ಲೆಕ್ಕ ಹೀಗೆ: ದಿನದ ನಡಿಗೆ 20 ಮೈಲು, ಅದರಲ್ಲಿ ಮೂರನೇ ಒಂದು ಪಾಲು ಹೋಗಲು, ಒಂದು ವ್ಯಾಪಾರಕ್ಕೆ, ಒಂದು ಕತ್ತಲಾಗುವ ಮೊದಲು ಮನೆ ಸೇರಲು. ಹಾಗಾಗಿ ಎರಡು ಸಂತೆಗಳ ನಡುವೆ 6⅔ ಮೈಲು ಬೇಕು.

ಅಳತೆಗೆ ಸ್ಟ್ರಾಟ್‌ಫರ್ಡ್ ಅಪಾನ್ ಏವನ್ ಒಳ್ಳೆಯ ಉದಾಹರಣೆ. 1196ರಲ್ಲಿ ವೂಸ್ಟರಿನ ಬಿಷಪ್ ಅಲ್ಲಿ ಪೇಟೆ ಹಾಕಿಸಿದಾಗ ಪ್ರತಿ ನಿವೇಶನದ ಮುಖ 3½ ಪರ್ಚ್, ಉದ್ದ 12 ಪರ್ಚ್. ಒಂದು ಪರ್ಚ್‌ಗೆ 16½ ಅಡಿ, ಅಂದರೆ ಸುಮಾರು 58 ಅಡಿಗೆ 198 ಅಡಿ. ನಮ್ಮ ಲೆಕ್ಕದಲ್ಲಿ 26 ಸೆಂಟ್ಸ್. ವರ್ಷದ ಗೇಣಿ 12 ಪೆನ್ನಿ. ಇದಕ್ಕೆ ಬರ್ಗೇಜ್ ಹಿಡುವಳಿ ಎಂದು ಹೆಸರು. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಮೂಲಗೇಣಿ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ: ಗೇಣಿ ಏರಿಸುವಂತಿಲ್ಲ, ಹಕ್ಕು ಮಕ್ಕಳಿಗೆ ಇಳಿಯುತ್ತದೆ. ಜೊತೆಗೆ ಬರ್ಗೇಜಿನವನು ಜಾಗ ಮಾರಬಹುದು, ಪಾಲು ಮಾಡಬಹುದು, ಒಡೆಯನ ಗದ್ದೆಯಲ್ಲಿ ಬಿಟ್ಟಿ ದುಡಿಯಬೇಕಿಲ್ಲ. ಬೆಲೆ ಏರಿದಂತೆ 12 ಪೆನ್ನಿ ಏನೂ ಅಲ್ಲದಂತಾಯಿತು. ಜಾಗದ ಬೆಲೆಯೆಲ್ಲ ಹಿಡುವಳಿದಾರನದ್ದೇ ಆಯಿತು.

ಪಾಲಾದರೂ ಗಡಿ ಅಳಿಸಿಹೋಗುವುದಿಲ್ಲ, ಅಲ್ಲೇ ಇರುವುದು ಇದರ ಸೊಗಸು. ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್‌ಲೆಂಡ್ ತಾಣದಲ್ಲಿ ಬ್ರಿಟನ್ನಿನ ಸರಕಾರಿ ನಕ್ಷೆ ಇಲಾಖೆಯಾದ ಆರ್ಡ್ನೆನ್ಸ್ ಸರ್ವೆಯ, ಮೈಲಿಗೆ 25 ಇಂಚಿನ ಲೆಕ್ಕದ ಹಳೆಯ ನಕ್ಷೆ ಉಚಿತ. ಅಳೆಯುವ ಸೌಲಭ್ಯವೂ ಅಲ್ಲೇ ಇದೆ. ಮುಖ್ಯ ಬೀದಿಯ ಒಂದೊಂದು ಮನೆಯ ಮುಖ ಅಳೆದು ಬರೆದುಕೊಳ್ಳಿ. ಸ್ಟ್ರಾಟ್‌ಫರ್ಡ್‌ನಂಥ ಊರಲ್ಲಿ 29 ಅಡಿ ಬಂದರೆ ಅರ್ಧ ನಿವೇಶನ, 19 ಬಂದರೆ ಮೂರನೇ ಒಂದು. ಬಿಡಿ ಅಳತೆಯನ್ನು ನಂಬಬೇಡಿ. ಗೋಡೆ ಅಡಿ ಎರಡಡಿ ಸರಿದಿರುತ್ತದೆ, ನಕ್ಷೆಯ ಗೆರೆಗೂ ದಪ್ಪವಿದೆ. ಒಂದೇ ಸಾಲಿನಲ್ಲಿ ಹತ್ತಿಪ್ಪತ್ತು ಮನೆ ಅಳೆದಾಗಲೇ ಮೂಲ ಅಳತೆ ಎದ್ದು ಕಾಣುವುದು.

ಹಿತ್ತಿಲೇ ಇಲ್ಲದ ಕಟ್ಟಡಗಳು ಸಂತೆಮಾಳದ ನಡುವೆ ಗುಂಪಾಗಿ ನಿಂತಿದ್ದರೆ, ಅವು ಒಂದು ಕಾಲಕ್ಕೆ ಸಂಜೆ ಬಿಚ್ಚಿ ಒಯ್ಯುವ ಅಂಗಡಿಗಳಾಗಿದ್ದವು. ಬಿಚ್ಚದೆ ಬಿಟ್ಟರು, ಮಾಡು ಹಾಕಿದರು, ಮೇಲೆ ಮಾಳಿಗೆ ಎಬ್ಬಿಸಿದರು. ಲಡ್ಲೋ ಪೇಟೆಯಲ್ಲಿ ಅಗಲವಾಗಿದ್ದ ಸಂತೆಬೀದಿ ಹೀಗೆ ತುಂಬಿ, ನಡುವೆ ಇಕ್ಕಟ್ಟಾದ ಓಣಿಗಳಷ್ಟೇ ಉಳಿದಿವೆ. ಮನೆಯ ಮುಂಗೋಡೆ ನೋಡಿ ಕಾಲ ಹೇಳುವುದೂ ತಪ್ಪು. 18ನೇ ಶತಮಾನದಲ್ಲಿ ಹಳೆಯ ಮರದ ಚೌಕಟ್ಟಿನ ಮನೆಗಳಿಗೆ ಇಟ್ಟಿಗೆಯ ಮುಖ ಅಂಟಿಸುವ ರೂಢಿ ಬಂತು. ಪಕ್ಕದ ಓಣಿಗೆ ಹೊಕ್ಕು ಗೋಡೆಯ ಮರ, ಮಾಡಿನ ಇಳಿಜಾರು ನೋಡಬೇಕು.

ಇದೆಲ್ಲ ಕೆಡದೆ ಉಳಿದದ್ದು ಚಿಪಿಂಗ್ ಕ್ಯಾಂಪ್ಡನ್‌ನಲ್ಲಿ. ಉಣ್ಣೆಯಿಂದ ಬೆಳೆದ ಊರು. ಅಲ್ಲಿನ ಉಣ್ಣೆ ವ್ಯಾಪಾರಿ ವಿಲಿಯಂ ಗ್ರೆವಲ್ 1401ರಲ್ಲಿ ತೀರಿಕೊಂಡ; ಇಗರ್ಜಿಯ ಹಿತ್ತಾಳೆ ಫಲಕ ಅವನನ್ನು ಇಡೀ ಇಂಗ್ಲೆಂಡಿನ ಉಣ್ಣೆ ವ್ಯಾಪಾರಿಗಳಲ್ಲಿ ಹೂವು ಎಂದು ಹೊಗಳಿದೆ. ಊರಿನ ಒಡೆಯ ಬ್ಯಾಪ್ಟಿಸ್ಟ್ ಹಿಕ್ಸ್ 1627ರಲ್ಲಿ ಕಟ್ಟಿಸಿದ ಸಂತೆ ಮಂಟಪ ಬೀದಿಯ ನಡುವೆಯೇ ಇದೆ: ಕಲ್ಲಿನ ಕಮಾನು, ಮೇಲೆ ಮರದ ತೊಲೆ, ಕೆಳಗೆ ಸವೆದು ಏರುತಗ್ಗಾದ ಕಲ್ಲುಹಾಸು. ಬೆಣ್ಣೆ, ಚೀಸ್, ಕೋಳಿ ಮಾರುವವರಿಗೆ ನೆರಳು ಅದು. ಆಮೇಲೆ ಉಣ್ಣೆ ವ್ಯಾಪಾರ ಇಳಿಯಿತು. 1853ರಲ್ಲಿ ಬಂದ ರೈಲು ಕೂಡ ಪೇಟೆಯಿಂದ ಸುಮಾರು ಒಂದು ಮೈಲು ಆಚೆ ನಿಂತಿತು. ಒಡೆದು ಕಟ್ಟಲು ದುಡ್ಡೂ ಇರಲಿಲ್ಲ, ಅವಸರವೂ ಇರಲಿಲ್ಲ. ಮನೆಗಳ ಹಿಂದಿನ ಓಣಿ ಈಗಲೂ ಬ್ಯಾಕ್ ಎಂಡ್ಸ್ ಎಂಬ ಹೆಸರಿನ ರಸ್ತೆ.

ತಾರೀಖುಗಳಲ್ಲಿ ಎಡವುವವರೇ ಹೆಚ್ಚು. ಸನದಿನ ವರ್ಷವೇ ಸಂತೆಯ ಹುಟ್ಟು ಎಂದುಕೊಳ್ಳಬೇಡಿ; ಆಗಲೇ ನಡೆಯುತ್ತಿದ್ದ ಸಂತೆಗೆ ಒಡೆಯ ತಡವಾಗಿ ಸನದು ಪಡೆದದ್ದುಂಟು, ಸನದು ಪಡೆದೂ ಸಂತೆ ಕೂಡದ ಊರುಗಳೂ ಉಂಟು. ಸಂತೆಮಾಳ ಇಗರ್ಜಿ ಅಂಗಳಕ್ಕೆ ಅಂಟಿಕೊಂಡಿದ್ದರೆ ಸನದಿಗಿಂತ ಹಳೆಯದಿರಬಹುದು: ಅಂಗಳದೊಳಗೆ ಸಂತೆ ಕೂಡದಂತೆ ಕಾನೂನು ಬಂದದ್ದೇ 1285ರಲ್ಲಿ. 1752ಕ್ಕೆ ಮೊದಲು ಕಾನೂನಿನ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು, ಹಾಗಾಗಿ ದಾಖಲೆಯಲ್ಲಿ 1660ರ ಫೆಬ್ರವರಿ ಎಂದಿದ್ದರೆ ನಮ್ಮ ಲೆಕ್ಕಕ್ಕೆ 1661. ಅದೇ 1752ರಲ್ಲಿ ಸೆಪ್ಟೆಂಬರ್ 2ರ ಮರುದಿನವನ್ನು 14 ಎಂದು ಎಣಿಸಿದರು. ಹೀಗೆ 11 ತಾರೀಖು ಹಾರಿಹೋದರೂ ಜಾತ್ರೆಗಳು ಮಾತ್ರ ಹಳೆಯ ದಿನಕ್ಕೇ ನಡೆದವು, ಅಂದರೆ ಹೊಸ ಲೆಕ್ಕದಲ್ಲಿ ಅವುಗಳ ತಾರೀಖು 11 ಮುಂದೆ ಹೋಯಿತು. 1740ರ ಕಾಗದದಲ್ಲಿ ಸೆಪ್ಟೆಂಬರ್ 29ಕ್ಕಿದ್ದ ಜಾತ್ರೆ 1760ರದರಲ್ಲಿ ಅಕ್ಟೋಬರ್ 10ಕ್ಕೆ ಕಂಡರೆ, ಎರಡನ್ನೂ ಒಂದೇ ಜಾತ್ರೆಯೆಂದು ಬರೆದುಕೊಳ್ಳಿ.